ಗಿಡಮೂಲಿಕೆಯ ಸಾರ ಕಿಡ್ನಿಯಿಂದ ಉಪ್ಪನ್ನು ಹೊರಹಾಕುತ್ತದಾ? ಸಕ್ಕರೆ ಕಾಯಿಲೆ ಇರುವ ಅಪ್ಪನಿಗೆ ಕೊಡಬಹುದಾ?

ಮುಂದೆ ಓದುವವರಿಗೆ ಅನುಕೂಲವಾಗಲಿ ಅಂತ ನಿಮ್ಮ ಪ್ರಶ್ನೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಮ್ಮ ತಂದೆಯವರಿಗೆ ಹನ್ನೆರಡು ವರ್ಷದಿಂದ ಶುಗರ್ ಇದೆ. ಈಚೆಗೆ ಕಾಲು ಊದುತ್ತಿದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ ಅಂತ ರಿಪೋರ್ಟ್ ಬಂದಿದೆ. ನಿಮ್ಮ ಸೋದರಮಾವ ಪಾಪಾಸುಕಳ್ಳಿ ರಸ ಕುಡಿಸಿ ಅಂದಿದ್ದಾರೆ. ಜೊತೆಗೆ ಹೆಸರಿಲ್ಲದ ಒಂದು ಬೇರಿನ ಪುಡಿಯನ್ನೂ ತಂದುಕೊಟ್ಟಿದ್ದಾರೆ. ‘ಕಿಡ್ನಿಯಲ್ಲಿ ನಿಂತ ಉಪ್ಪನ್ನೆಲ್ಲ ಹೊರಗೆ ತಳ್ಳುತ್ತೆ, ಇಲಿಗಳ ಮೇಲೆ ರಿಸರ್ಚ್ ಆಗಿದೆ’ ಎನ್ನುವುದು ಅವರ ಮಾತು. ಗಿಡದ ಸಾರಕ್ಕೆ ನಿಜವಾಗಿ ಆ ಶಕ್ತಿ ಇದೆಯಾ, ಇದ್ದರೆ ಅದು ಹೇಗೆ ಕೆಲಸ ಮಾಡುತ್ತದೆ, ಅಪ್ಪನಿಗೆ ಕೊಡಬಹುದಾ ಅಂತ ಕೇಳಿದ್ದೀರಿ.

ಶಕ್ತಿ ಇದೆ. ಕೆಲವು ಗಿಡಗಳಿಗೆ ಇದೆ. ಇನ್ನು ಕೆಲವು ಉಲ್ಟಾ, ಉಪ್ಪನ್ನು ಮೈಯಲ್ಲೇ ಹಿಡಿದಿಡುತ್ತವೆ. ಆ ಪುಡಿಯನ್ನು ಮಾತ್ರ ಈಗಲೇ ಪಕ್ಕಕ್ಕಿಡಿ. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಡಾಕ್ಟರಲ್ಲ. ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುವವನು. ಒಂದು ಕಾಲದಲ್ಲಿ ಇಲಿಗಳಿಗೆ ಸೊಪ್ಪಿನ ಸಾರ ಕುಡಿಸಿ, ಅವುಗಳ ಮೂತ್ರ ಹಿಡಿದು, ಅದರಲ್ಲಿ ಸೋಡಿಯಂ (ಉಪ್ಪಿನಲ್ಲಿರುವ ಮುಖ್ಯ ಅಂಶ) ಎಷ್ಟಿದೆ ಅಂತ ಅಳೆಯುತ್ತಾ ಕೂತವನು. ಹಾಗಾಗಿ ಈ ‘ಇಲಿಗಳ ಮೇಲೆ ರಿಸರ್ಚ್’ ಎಂಬ ಮಾತಿನ ಒಳಗಿನ ಕಥೆ ನನಗೆ ಸ್ವಲ್ಪ ಗೊತ್ತು.

ಮೊದಲು ಕಿಡ್ನಿ ಮಾಡುವ ಕೆಲಸ ನೋಡೋಣ. ನಮ್ಮ ಎರಡು ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ನೀರನ್ನು ರಕ್ತದಿಂದ ಸೋಸುತ್ತವೆ. ಆ ನೀರಿನಲ್ಲಿ ಸುಮಾರು ಒಂದೂವರೆ ಕಿಲೋ ಉಪ್ಪಿಗೆ ಸಮನಾದ ಸೋಡಿಯಂ ಇರುತ್ತದೆ. ಹೌದು, ದಿನಕ್ಕೆ ಒಂದೂವರೆ ಕಿಲೋ! ನಾವು ತಿನ್ನುವುದು ಹತ್ತು ಗ್ರಾಂ ಆಸುಪಾಸು. ಅಂದರೆ ಸೋಸಿದ್ದರಲ್ಲಿ ನೂರಕ್ಕೆ 99ಕ್ಕಿಂತ ಜಾಸ್ತಿಯನ್ನು ಕಿಡ್ನಿ ವಾಪಸ್ ಎಳೆದುಕೊಳ್ಳುತ್ತದೆ, ಉಳಿದ ಚೂರನ್ನು ಮಾತ್ರ ಹೊರಗೆ ಬಿಡುತ್ತದೆ. ಹಾಗಾಗಿ ‘ಕಿಡ್ನಿಯಲ್ಲಿ ಉಪ್ಪು ನಿಂತಿದೆ’ ಎನ್ನುವ ಮಾತೇ ಸರಿಯಲ್ಲ. ಉಪ್ಪು ಅಲ್ಲಿ ಕೊಳೆಯ ಹಾಗೆ ಕಟ್ಟಿಕೊಂಡು ಕೂರುವುದಿಲ್ಲ. ಎಷ್ಟು ವಾಪಸ್ ಬರುತ್ತದೆ ಎನ್ನುವುದೇ ಇಲ್ಲಿನ ಲೆಕ್ಕ.

ಆ ವಾಪಸಾತಿಯ ಮೂರರಲ್ಲಿ ಎರಡು ಪಾಲು, ಸೋಸಿದ ನೀರು ಹರಿಯುವ ಸಣ್ಣ ನಾಳದ ಮೊದಲ ಭಾಗದಲ್ಲೇ ಮುಗಿಯುತ್ತದೆ. ಸಕ್ಕರೆ ಕಾಯಿಲೆಯ ಆಟ ಇರುವುದೂ ಅಲ್ಲೇ. ಆ ಭಾಗದ ಗೋಡೆಯಲ್ಲಿ ಎಸ್‌ಜಿಎಲ್‌ಟಿ2 ಅಂತ ಒಂದು ಬಾಗಿಲಿದೆ. ಅದರ ವಿಶೇಷ ಏನೆಂದರೆ, ಒಂದು ಗ್ಲೂಕೋಸ್ ಕಣ ಒಳಗೆ ಹೋಗಬೇಕಾದರೆ ಜೊತೆಗೆ ಒಂದು ಸೋಡಿಯಂ ಇರಲೇಬೇಕು. ಜೋಡಿಯಾಗಿ ಬಂದರೆ ಮಾತ್ರ ಪ್ರವೇಶ. ಸ್ವಲ್ಪ ಮುಂದೆ ಎಸ್‌ಜಿಎಲ್‌ಟಿ1 ಎಂಬ ಇನ್ನೊಂದು ಬಾಗಿಲಿದೆ. ಅದಕ್ಕೆ ಒಂದು ಗ್ಲೂಕೋಸಿಗೆ ಎರಡು ಸೋಡಿಯಂ ಬೇಕು.

ಈ ಜೋಡಿ ನಿಮಗೆ ಹೊಸದೇನಲ್ಲ. ಮಕ್ಕಳಿಗೆ ಭೇದಿಯಾದಾಗ ಉಪ್ಪು-ಸಕ್ಕರೆ ಕಲಸಿದ ನೀರು ಕುಡಿಸುತ್ತೇವಲ್ಲ, ಓಆರ್‌ಎಸ್, ಅದು ಕೆಲಸ ಮಾಡುವುದು ಕರುಳಿನಲ್ಲಿರುವ ಇದೇ ಎಸ್‌ಜಿಎಲ್‌ಟಿ1 ಬಾಗಿಲಿನಿಂದ. ಸಕ್ಕರೆ ಉಪ್ಪನ್ನು ಎಳೆದುಕೊಂಡು ಹೋಗುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ 1960ರಲ್ಲಿ ಪ್ರಾಗ್ ನಗರದ ಒಂದು ಸಭೆಯಲ್ಲಿ ಈ ಜೋಡಿ ಪ್ರವೇಶದ ಲೆಕ್ಕವನ್ನು ಮೊದಲು ಮುಂದಿಟ್ಟರು. ಹನ್ನೊಂದು ವರ್ಷದ ನಂತರ, 1971ರಲ್ಲಿ, ಡಾ. ದಿಲೀಪ್ ಮಹಲನಬೀಸ್ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದವರಿಗೆ ಈ ನೀರು ಕುಡಿಸಿಯೇ ಎಷ್ಟೋ ಜೀವ ಉಳಿಸಿದರು. ಕರುಳಿನಲ್ಲಿ ಜೀವ ಉಳಿಸುವ ಈ ಜೋಡಿ, ಸಕ್ಕರೆ ಕಾಯಿಲೆಯವರ ಕಿಡ್ನಿಯಲ್ಲಿ ತೊಂದರೆ ಕೊಡುತ್ತದೆ.

ಅದು ಹೇಗೆ? ಶುಗರ್ ಇಲ್ಲದವರಲ್ಲಿ ದಿನಕ್ಕೆ ಸುಮಾರು 180 ಗ್ರಾಂ ಗ್ಲೂಕೋಸ್ ಸೋಸಿ ಬರುತ್ತದೆ. ಅದನ್ನು ಪೂರ್ತಿ ವಾಪಸ್ ಪಡೆಯಲು ಜೊತೆಯಲ್ಲಿ ಸುಮಾರು 60 ಗ್ರಾಂ ಉಪ್ಪಿನಷ್ಟು ಸೋಡಿಯಂ ಒಳಗೆ ಹೋಗಬೇಕಾಗುತ್ತದೆ. ರಕ್ತದ ಗ್ಲೂಕೋಸ್ ಎರಡು ಪಟ್ಟಾದರೆ ಈ ಸೋಡಿಯಂ ಕೂಡ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಅದು ಸಾಲದು ಅಂತ ಸಕ್ಕರೆ ಕಾಯಿಲೆಯಲ್ಲಿ ಕಿಡ್ನಿ ಆ ಬಾಗಿಲುಗಳ ಸಂಖ್ಯೆಯನ್ನೂ ಹೆಚ್ಚಿಸಿಕೊಳ್ಳುತ್ತದೆ. ಇನ್ಸುಲಿನ್‌ಗೂ ಕಿಡ್ನಿಯಲ್ಲಿ ಸೋಡಿಯಂ ಹಿಡಿದಿಡುವ ಗುಣವಿದೆ. ಇದೆಲ್ಲ ಸೇರಿ ಶುಗರ್ ಇರುವವರ ಮೈಯಲ್ಲಿ ಒಟ್ಟು ಸೋಡಿಯಂ ಬೇರೆಯವರಿಗಿಂತ ಸುಮಾರು ನೂರಕ್ಕೆ ಹತ್ತರಷ್ಟು ಜಾಸ್ತಿ ಇರುತ್ತದೆ ಎಂದು ಹಳೆಯ ಅಧ್ಯಯನಗಳೇ ತೋರಿಸಿವೆ. ಬಿಪಿ ಏರುವುದಕ್ಕೆ ಇದೂ ಒಂದು ಕಾರಣ.

ಇನ್ನೂ ದೊಡ್ಡ ಪೆಟ್ಟು ಬೇರೆ ಕಡೆ ಬೀಳುತ್ತದೆ. ಕಾಲುವೆ ನೀರಾವರಿ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಮೇಲ್ಭಾಗದ ರೈತರು ನೀರನ್ನೆಲ್ಲ ಎಳೆದುಕೊಂಡರೆ ಕೊನೆಯ ಭಾಗಕ್ಕೆ ನೀರು ಬರುವುದಿಲ್ಲ. ಕೊನೆಯವರು ‘ನೀರು ಸಾಲದು, ಗೇಟು ಎತ್ತಿ’ ಅಂತ ಕೂಗುತ್ತಾರೆ. ಕಿಡ್ನಿಯ ನಾಳ ಸುತ್ತಿ ಬಂದು ತನ್ನದೇ ಜರಡಿಯನ್ನು, ಅಂದರೆ ರಕ್ತ ಸೋಸುವ ಭಾಗವನ್ನು, ಮುಟ್ಟುವ ಜಾಗದಲ್ಲಿ ಮ್ಯಾಕ್ಯುಲಾ ಡೆನ್ಸಾ ಎಂಬ ಜೀವಕೋಶಗಳ ಗುಂಪು ಇದೆ. ಅಲ್ಲಿಗೆ ಎಷ್ಟು ಉಪ್ಪು ಬಂದು ತಲುಪಿತು ಅಂತ ನೋಡುವುದೇ ಅದರ ಕೆಲಸ. ಸಕ್ಕರೆ ಕಾಯಿಲೆಯಲ್ಲಿ ಮೊದಲ ಭಾಗವೇ ಉಪ್ಪನ್ನು ಎಳೆದುಕೊಂಡುಬಿಡುವುದರಿಂದ ಇಲ್ಲಿಗೆ ಕಡಿಮೆ ಬರುತ್ತದೆ. ‘ಓ, ಸೋಸುವುದು ಸಾಲದು’ ಅಂತ ಅದು ತಪ್ಪು ತಿಳಿದು ಜರಡಿಗೆ ರಕ್ತ ತರುವ ನಾಳವನ್ನು ಅಗಲಿಸುತ್ತದೆ. ಜರಡಿಯ ಮೇಲೆ ಒತ್ತಡ ಏರುತ್ತದೆ. ಹತ್ತು ಹದಿನೈದು ವರ್ಷ ಹೀಗೇ ನಡೆದರೆ ಜರಡಿಯ ಕಣ್ಣು ಹಿಗ್ಗಿ ಪ್ರೋಟೀನ್ ಸೋರುತ್ತದೆ. ನಿಮ್ಮ ತಂದೆಯವರ ರಿಪೋರ್ಟಿನಲ್ಲಿ ಬಂದಿರುವುದರ ಹಿಂದೆಯೂ ಬಹುಶಃ ಇಂಥದ್ದೇ ಕಥೆ ಇರಬೇಕು. ಖಚಿತವಾಗಿ ಹೇಳಬೇಕಾದವರು ನೆಫ್ರಾಲಜಿಸ್ಟ್, ಅಂದರೆ ಕಿಡ್ನಿ ಡಾಕ್ಟರು.

ಈಗ ಗಿಡದ ವಿಷಯ. ಈ ಎಸ್‌ಜಿಎಲ್‌ಟಿ ಬಾಗಿಲಿಗೆ ಮೊದಲು ಬೀಗ ಹಾಕಿದ್ದೇ ಒಂದು ಗಿಡದ ಸಾರ!

1835ರಲ್ಲಿ ಯುರೋಪಿನ ರಸಾಯನಶಾಸ್ತ್ರಜ್ಞರು ಸೇಬಿನ ಮರದ ಬೇರಿನ ತೊಗಟೆಯಿಂದ ಒಂದು ಕಹಿ ವಸ್ತುವನ್ನು ಬೇರ್ಪಡಿಸಿದರು. ಹೆಸರು ಫ್ಲೋರಿಜಿನ್. ಗ್ರೀಕ್ ಭಾಷೆಯ ‘ತೊಗಟೆ’ ಮತ್ತು ‘ಬೇರು’ ಸೇರಿ ಆದ ಪದ. ಸಿಂಕೋನಾ ತೊಗಟೆಯೂ ಕಹಿ, ಇದೂ ಕಹಿ, ಹಾಗಾದರೆ ಇದೂ ಜ್ವರಕ್ಕೆ ಔಷಧಿ ಇರಬೇಕು ಅಂದುಕೊಂಡರು. (ಕಹಿ ಅಂದಕೂಡಲೇ ಔಷಧಿ ಅಂದುಕೊಳ್ಳುವುದು ನಮ್ಮ ಚಾಳಿ ಮಾತ್ರ ಅಲ್ಲ, ನೋಡಿ.) ಸುಮಾರು ಐವತ್ತು ವರ್ಷದ ನಂತರ, 1886ರ ಹೊತ್ತಿಗೆ, ಜರ್ಮನಿಯ ಯೋಸೆಫ್ ಫಾನ್ ಮೇರಿಂಗ್ ಅದನ್ನು ನಾಯಿಗಳಿಗೆ ಕೊಟ್ಟು ನೋಡಿದರು. ಮೂತ್ರದಲ್ಲಿ ಸಕ್ಕರೆ ಧಾರಾಳವಾಗಿ ಹೋಯಿತು. ಆಗಿನ ಕಾಲಕ್ಕೆ ಅದು ಔಷಧಿ ಅನ್ನಿಸಲಿಲ್ಲ, ಕಾಯಿಲೆ ತರಿಸುವ ವಿಷ ಅನ್ನಿಸಿತು. ಅದು ಸಕ್ಕರೆ ಕಾಯಿಲೆಗೆ ಉಪಯೋಗಕ್ಕೆ ಬರಬಹುದು ಎಂಬ ಗಟ್ಟಿ ಸೂಚನೆ ಸಿಗಲು ನೂರು ವರ್ಷ ಬೇಕಾಯಿತು. 1987ರಲ್ಲಿ ರೊಸೆಟ್ಟಿ, ಡಿಫ್ರಾಂಜೊ ಮತ್ತು ಜೊತೆಗಾರರು ಮೇದೋಜೀರಕದ ಬಹುಪಾಲನ್ನು ತೆಗೆದ ಇಲಿಗಳಿಗೆ ಫ್ಲೋರಿಜಿನ್ ಕೊಟ್ಟರು. ಶುಗರ್ ಇಳಿಯಿತು. ಇನ್ಸುಲಿನ್‌ಗೆ ಮೈ ಮತ್ತೆ ಸ್ಪಂದಿಸತೊಡಗಿತು.

ಹಾಗಾದರೆ ಸೇಬಿನ ಬೇರಿನ ಕಷಾಯ ಕುಡಿದರೆ ಆಗುವುದಿಲ್ಲವಾ? ಆಗುವುದಿಲ್ಲ. ಫ್ಲೋರಿಜಿನ್ ಬಾಯಿಂದ ತೆಗೆದುಕೊಂಡರೆ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ, ಕರುಳಿನಲ್ಲೇ ಒಡೆದುಹೋಗುತ್ತದೆ. ಮೇಲಾಗಿ ಅದು ಎರಡೂ ಬಾಗಿಲುಗಳಿಗೆ ಬೀಗ ಹಾಕುವುದರಿಂದ ಕರುಳಿನ ಎಸ್‌ಜಿಎಲ್‌ಟಿ1 ಕೂಡ ಮುಚ್ಚಿ ಭೇದಿ ಶುರುವಾಗಬಹುದು. ರಸಾಯನಶಾಸ್ತ್ರಜ್ಞರು ಆ ಕಣದ ಆಕಾರವನ್ನೇ ತಿದ್ದಿ ತಿದ್ದಿ, ಕರುಳಿನಲ್ಲಿ ಒಡೆಯದ ಹಾಗೆ, ಮುಖ್ಯವಾಗಿ ಎಸ್‌ಜಿಎಲ್‌ಟಿ2 ಬಾಗಿಲನ್ನೇ ಮುಚ್ಚುವ ಹಾಗೆ ಮಾಡಿದರು. ಕೆನಾಗ್ಲಿಫ್ಲೋಜಿನ್, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಬಂದದ್ದು ಹಾಗೆ. ಈ ‘ಫ್ಲೋಜಿನ್’ ಎಂಬ ಬಾಲದಲ್ಲಿ ಈಗಲೂ ಆ ಸೇಬಿನ ತೊಗಟೆಯ ನೆನಪಿದೆ.

ಈ ಮಾತ್ರೆಗಳು ಬಾಗಿಲು ಮುಚ್ಚಿದಾಗ ಗ್ಲೂಕೋಸ್ ಜೊತೆ ಸೋಡಿಯಂ ಕೂಡ ಮುಂದಕ್ಕೆ ಹರಿಯುತ್ತದೆ. ಕಾಲುವೆಯ ಕೊನೆಗೆ ನೀರು ತಲುಪಿದ ಹಾಗೆ. ಮ್ಯಾಕ್ಯುಲಾ ಡೆನ್ಸಾಗೆ ಸಮಾಧಾನವಾಗುತ್ತದೆ, ಗೇಟು ಇಳಿಯುತ್ತದೆ, ಜರಡಿಯ ಒತ್ತಡ ತಗ್ಗುತ್ತದೆ. ಅದಕ್ಕೇ ಮೊದಲ ಕೆಲವು ವಾರ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ಒಂದು ಕಸ) ತುಸು ಏರುವುದುಂಟು. ಅದನ್ನು ನೋಡಿ ಗಾಬರಿಯಿಂದ ಮಾತ್ರೆ ಬಿಟ್ಟವರನ್ನು ನಾನೇ ಕಂಡಿದ್ದೇನೆ. 2019ರಲ್ಲಿ ಬಂದ ಕ್ರೆಡೆನ್ಸ್ ಎಂಬ ಪ್ರಯೋಗದಲ್ಲಿ 4,401 ಜನ ಇದ್ದರು. ಎಲ್ಲರಿಗೂ ಶುಗರ್, ಕಿಡ್ನಿ ತೊಂದರೆ ಎರಡೂ ಇತ್ತು. ಕಿಡ್ನಿ ಕೈಕೊಡುವುದು ಮುಂತಾದ ಮುಖ್ಯ ಅಪಾಯಗಳು ಕೆನಾಗ್ಲಿಫ್ಲೋಜಿನ್ ತೆಗೆದುಕೊಂಡವರಲ್ಲಿ ನೂರಕ್ಕೆ 30ರಷ್ಟು ಕಡಿಮೆಯಾದವು. ಲಾಭ ಸ್ಪಷ್ಟವಾಗಿ ಕಂಡದ್ದರಿಂದ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಮಾರನೆಯ ವರ್ಷ ಡಾಪಾಗ್ಲಿಫ್ಲೋಜಿನ್‌ನ ಪ್ರಯೋಗದಲ್ಲಿ ಆ ಇಳಿಕೆ ನೂರಕ್ಕೆ 39. ತಮಾಷೆ ಏನೆಂದರೆ, ಮೂತ್ರದಲ್ಲಿ ಹೆಚ್ಚಿಗೆ ಸೋಡಿಯಂ ಹೋಗುವುದು ಮೊದಲ ಕೆಲವು ದಿನ ಮಾತ್ರ. ಆಮೇಲೆ ನಾಳದ ಮುಂದಿನ ಭಾಗಗಳು ಸರಿದೂಗಿಸಿಕೊಳ್ಳುತ್ತವೆ. ‘ಉಪ್ಪು ಎಷ್ಟು ಹೊರಗೆ ಬಂತು’ ಅನ್ನುವುದಕ್ಕಿಂತ ‘ಉಪ್ಪು ನಾಳದಲ್ಲಿ ಎಲ್ಲಿಯವರೆಗೆ ತಲುಪಿತು’ ಅನ್ನುವುದು ಮುಖ್ಯ. ಈ ಮಾತು ಕಷಾಯ ಮಾರುವವರ ಬಾಯಲ್ಲಿ ಯಾವತ್ತೂ ಬರುವುದಿಲ್ಲ.

ಉಲ್ಟಾ ದಿಕ್ಕಿನ ಗಿಡಕ್ಕೆ ಉದಾಹರಣೆ ಬೇಕಾದರೆ ನಮ್ಮ ಗ್ರಂಥಿಗೆ ಅಂಗಡಿಯಲ್ಲೇ ಇದೆ. ಜ್ಯೇಷ್ಠಮಧು, ಅತಿಮಧುರ ಅಂತಲೂ ಕರೆಯುತ್ತಾರೆ. ಕೆಮ್ಮಿಗೆ, ಗಂಟಲಿಗೆ ಒಂದೆರಡು ದಿನ ಅಗಿದರೆ ಏನೂ ಆಗುವುದಿಲ್ಲ. ಆದರೆ ಅದರಲ್ಲಿರುವ ಗ್ಲಿಸಿರೈಜಿನ್ ಕಿಡ್ನಿಯಲ್ಲಿ ಕಾರ್ಟಿಸಾಲ್ ಹಾರ್ಮೋನನ್ನು ಸುಮ್ಮನಿರಿಸುವ ಕಿಣ್ವವನ್ನು ತಡೆಯುತ್ತದೆ. ಆಗ ಕಾರ್ಟಿಸಾಲ್ ಹೋಗಿ, ಉಪ್ಪನ್ನು ಹಿಡಿದಿಡುವ ಇನ್ನೊಂದು ಹಾರ್ಮೋನಾದ ಅಲ್ಡೋಸ್ಟೀರಾನ್‌ನ ಕೆಲಸ ಮಾಡತೊಡಗುತ್ತದೆ. ಸೋಡಿಯಂ ಒಳಗೆ ನಿಲ್ಲುತ್ತದೆ, ಪೊಟ್ಯಾಶಿಯಂ ಹೊರಗೆ ಹೋಗುತ್ತದೆ, ಬಿಪಿ ಏರುತ್ತದೆ, ಕಾಲು ಊದುತ್ತದೆ. 1946ರಲ್ಲೇ ನೆದರ್‌ಲೆಂಡ್ಸ್‌ನ ರೆವರ್ಸ್ ಎಂಬ ವೈದ್ಯರು ಹೊಟ್ಟೆಯ ಹುಣ್ಣಿಗೆ ಇದನ್ನು ಕೊಟ್ಟು, ಕೆಲವರಿಗೆ ಮೈ ಊದಿದ್ದನ್ನು ಗಮನಿಸಿದ್ದರು. ನಮ್ಮ ದೊಡ್ಡಮ್ಮ ತಿಂಗಳುಗಟ್ಟಲೆ ದಿನಾ ಜ್ಯೇಷ್ಠಮಧು ಕಷಾಯ ಕುಡಿದು, ಬಿಪಿ ಮಾತ್ರೆ ಎರಡರಿಂದ ಮೂರಾದ ಮೇಲೂ ಬಿಪಿ ಇಳಿಯಲಿಲ್ಲ. ಕಷಾಯದ ವಿಷಯ ಡಾಕ್ಟರಿಗೆ ಹೇಳಿರಲೇ ಇಲ್ಲ. ‘ಅದು ಔಷಧಿ ಅಲ್ವಲ್ಲ, ಮನೇದು’ ಅಂದರು. ನಿಮ್ಮ ಮನೆಯ ಪುಡಿಯಲ್ಲಿ ಇದು ಬೆರೆತಿದ್ದರೆ? ಕಾಲು ಊದಿದವರಿಗೆ ಕಾಲು ಊದಿಸುವ ಔಷಧಿ ಕೊಟ್ಟ ಹಾಗಾಗುತ್ತದೆ.

ಇಲಿಗಳ ಕಥೆಗೆ ಬರುತ್ತೇನೆ. ಈ ಬಗೆಯ ಪ್ರಯೋಗದಲ್ಲಿ ಸ್ಟ್ರೆಪ್ಟೋಜೋಟೋಸಿನ್ ಎಂಬ ವಸ್ತುವನ್ನು ಚುಚ್ಚಿ ಇಲಿಯ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕೊಲ್ಲುತ್ತಾರೆ. ಆ ವಸ್ತು ತಾನೇ ಕಿಡ್ನಿಗೂ ಸ್ವಲ್ಪ ಪೆಟ್ಟು ಕೊಡುತ್ತದೆ. ನಿಮ್ಮ ತಂದೆಯವರ ಹನ್ನೆರಡು ವರ್ಷದ ಶುಗರ್ ಬೇರೆ, ಒಂದು ಇಂಜೆಕ್ಷನ್‌ನಿಂದ ಎರಡು ದಿನದಲ್ಲಿ ಬಂದ ಇಲಿಯ ಶುಗರ್ ಬೇರೆ.

ನನ್ನದೇ ಒಂದು ಮುಜುಗರದ ಕಥೆ ಹೇಳುತ್ತೇನೆ. ಓದುವಾಗ ಒಂದು ಸೊಪ್ಪಿನ ಸಾರ ಕೊಟ್ಟು ಇಲಿಗಳ ಮೂತ್ರವನ್ನು ಫ್ಲೇಮ್ ಫೋಟೋಮೀಟರಿನಲ್ಲಿ ನೋಡಿದೆ. ಗ್ಯಾಸ್ ಒಲೆಗೆ ಉಪ್ಪು ಬಿದ್ದರೆ ಉರಿ ಹಳದಿಯಾಗುತ್ತದಲ್ಲ, ಅದೇ ತತ್ವ. ಹಳದಿ ಎಷ್ಟು ಗಾಢವೋ ಸೋಡಿಯಂ ಅಷ್ಟು. ಸಾರ ಕುಡಿದ ಇಲಿಗಳಲ್ಲಿ ಸೋಡಿಯಂ ಭರ್ಜರಿಯಾಗಿ ಏರಿತ್ತು. ನಾನು ಕುಣಿದಾಡಿಬಿಟ್ಟೆ. ನಮ್ಮ ಮೇಷ್ಟ್ರು ಒಂದೇ ಮಾತು ಹೇಳಿದರು: ‘ಆ ಸಾರವನ್ನೇ ಮೆಷಿನ್ನಿಗೆ ಹಾಕಿ ನೋಡಪ್ಪ.’ ನೋಡಿದರೆ ಸಾರವೇ ಉಪ್ಪಿನ ಗಣಿ! ಅದು ನೀರಿನಲ್ಲಿ ಕರಗುತ್ತಿರಲಿಲ್ಲ ಅಂತ ನಾನೇ ಅಡುಗೆ ಸೋಡಾ ಹಾಕಿ ಕರಗಿಸಿದ್ದೆ. ಅಡುಗೆ ಸೋಡಾ ಅಂದರೆ ಸೋಡಿಯಂ ಬೈಕಾರ್ಬನೇಟ್. ಹೋಲಿಕೆಗೆ ಇಟ್ಟ ಇಲಿಗಳಿಗೆ ಬರೀ ನೀರು ಕೊಟ್ಟಿದ್ದೆ. ನಾನು ಕೊಟ್ಟ ಸೋಡಿಯಂ ಹೊರಗೆ ಬಂದಿತ್ತು, ಅಷ್ಟೇ. ಮೂರು ತಿಂಗಳ ಕೆಲಸ ನೀರುಪಾಲು.

ಇಂಥ ಬಲೆಗಳು ಇನ್ನೂ ಇವೆ. ಕಹಿ ಸಾರ ಕುಡಿದ ಇಲಿ ಕಡಿಮೆ ತಿನ್ನುತ್ತದೆ, ಆಗ ಸೋಡಿಯಂ ಸೇರುವುದೂ ಕಡಿಮೆ, ಹೋಗುವುದೂ ಕಡಿಮೆ. ಶುಗರ್ ಇಳಿದರೆ ಮೂತ್ರದ ಪ್ರಮಾಣ ಇಳಿಯುತ್ತದೆ, ಅದರಿಂದಲೂ ಸೋಡಿಯಂ ಲೆಕ್ಕ ಬದಲಾಗುತ್ತದೆ. ತಿಂದದ್ದೆಷ್ಟು ಅಂತ ಅಳೆಯದೆ ಮೂತ್ರದ ಸೋಡಿಯಂ ಒಂದನ್ನೇ ಹಿಡಿದು ‘ಕಿಡ್ನಿ ಸರಿಹೋಯಿತು’ ಎನ್ನುವ ಲೇಖನ ಕಂಡರೆ ನಾನು ಪುಟ ತಿರುಗಿಸುತ್ತೇನೆ.

ಎಲ್ಲ ಪ್ರಯೋಗಗಳೂ ನನ್ನದರ ಹಾಗೆ ಎಡವಟ್ಟು ಎಂದಲ್ಲ. ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ವಿಶ್ವವಿದ್ಯಾಲಯದ ಒಂದು ಗುಂಪು ಈ ವಿಷಯದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದೆ. ಲವಂಗದಲ್ಲಿ ಸಿಗುವ ಓಲಿಯಾನೋಲಿಕ್ ಆಸಿಡ್ ಎಂಬ ವಸ್ತು ಸಕ್ಕರೆ ಕಾಯಿಲೆಯ ಇಲಿಗಳಲ್ಲಿ ಮೂತ್ರದ ಸೋಡಿಯಂ ಹೆಚ್ಚಿಸಿತು, ಕ್ರಿಯಾಟಿನಿನ್ ಇಳಿಸಿತು ಎಂದು ಅವರು 2009ರಲ್ಲಿ ಬರೆದರು. ಲವಂಗವೂ ನಮ್ಮ ನೇರಳೆಯೂ ಒಂದೇ ಕುಲದ ಮರಗಳು ಎನ್ನುವುದು ಕುತೂಹಲದ ವಿಷಯ. ಅವರು ಕೊಟ್ಟದ್ದು ಶುದ್ಧ ಮಾಡಿ ತೂಗಿದ ಒಂದೇ ವಸ್ತು. ಲವಂಗದ ಕಷಾಯ ಅಲ್ಲ.

ನಿಮ್ಮ ಮಾವ ಹೇಳಿದ ಪಾಪಾಸುಕಳ್ಳಿಯ ಮೇಲೂ ಕೆಲಸ ಆಗಿದೆ. ನಮ್ಮ ಬಯಲುಸೀಮೆಯ ಬೇಲಿಯಲ್ಲಿ ಬೆಳೆಯುವ ಕಳ್ಳಿಯ ದಾಯಾದಿಯಾದ ಒಂದು ಜಾತಿಯ ಎಲೆಯ ಸಾರವನ್ನು ಜಿಂಬಾಬ್ವೆಯ ಸಂಶೋಧಕರು ಸಕ್ಕರೆ ಕಾಯಿಲೆಯ ಇಲಿಗಳಿಗೆ ಕೊಟ್ಟು 2000ದಲ್ಲಿ ಪ್ರಕಟಿಸಿದರು. ಗ್ಲೂಕೋಸ್ ಇಳಿಯಿತು, ನಿಜ. ಆದರೆ ರಕ್ತದ ಯೂರಿಯಾ, ಕ್ರಿಯಾಟಿನಿನ್ ಏರಿದವು, ರಕ್ತದ ಸೋಡಿಯಂ ಇಳಿಯಿತು. ಇದು ಕಿಡ್ನಿಗೆ ವಿಷವಾಗಬಹುದು ಅಂತ ಅವರೇ ಬರೆದಿದ್ದಾರೆ. ವಾಟ್ಸಾಪಿನಲ್ಲಿ ಓಡಾಡುವುದು ಮೊದಲ ಅರ್ಧ ಮಾತ್ರ.

ಕಿಡ್ನಿಗೆ ಮೊದಲೇ ಪೆಟ್ಟು ಬಿದ್ದವರಲ್ಲಿ ಇನ್ನೊಂದು ಭಯ ಪೊಟ್ಯಾಶಿಯಂದು. ಮೂತ್ರ ಹೆಚ್ಚಿಸುತ್ತದೆ ಅಂತ ಹೆಸರಾದ ಪುನರ್ನವದಲ್ಲಿ ಪೊಟ್ಯಾಶಿಯಂ ಧಾರಾಳವಾಗಿದೆ. ಕಿಡ್ನಿ ಗಟ್ಟಿಯಾಗಿರುವವರು ಅದನ್ನು ಹೊರಹಾಕುತ್ತಾರೆ. ನಿಮ್ಮ ತಂದೆಯವರು ಟೆಲ್ಮಿಸಾರ್ಟನ್, ರಾಮಿಪ್ರಿಲ್ ಥರದ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ (ಮೂತ್ರದಲ್ಲಿ ಪ್ರೋಟೀನ್ ಇದ್ದರೆ ಸಾಮಾನ್ಯವಾಗಿ ಕೊಟ್ಟಿರುತ್ತಾರೆ) ಅವೂ ಪೊಟ್ಯಾಶಿಯಂ ಏರಿಸುತ್ತವೆ. ಎರಡೂ ಸೇರಿದರೆ ಹೃದಯದ ಬಡಿತಕ್ಕೇ ಕುತ್ತು.

ಗಿಡ ತಾನೇ, ಏನಾಗುತ್ತೆ ಅನ್ನುವವರಿಗೆ ಎರಡು ಹೆಸರು ಹೇಳುತ್ತೇನೆ. ಒಂದು, ಕರಾವಳಿಯವರಿಗೆ ಗೊತ್ತಿರುವ ಬಿಂಬುಳಿ. ಅಡುಗೆಗೆ ನಾಲ್ಕು ಕಾಯಿ ಹಾಕಿದರೆ ರುಚಿ. ಕೇರಳದಲ್ಲಿ ಕೊಲೆಸ್ಟರಾಲ್ ಇಳಿಯಲಿ ಅಂತ ಅದರ ರಸವನ್ನೇ ಲೋಟಗಟ್ಟಲೆ ಕುಡಿದ ಹತ್ತು ಜನರ ಕಿಡ್ನಿ ಆಕ್ಸಲೇಟ್ ಹರಳುಗಳಿಂದ ಕೆಟ್ಟದ್ದನ್ನು ಅಲ್ಲಿನ ವೈದ್ಯರು 2013ರಲ್ಲಿ ವರದಿ ಮಾಡಿದರು. ಇನ್ನೊಂದು, ಹಳ್ಳಿಗಳಲ್ಲಿ ಹಾವು ಕಡಿತಕ್ಕೆ ಅಂತ ಇಟ್ಟುಕೊಳ್ಳುವ ಈಶ್ವರಿ ಬೇರು. ಅದು ಅರಿಸ್ಟೊಲೋಕಿಯಾ ಕುಲದ್ದು. 1993ರಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆ ನುಂಗಿದ ಹೆಂಗಸರ ಕಿಡ್ನಿ ಸುಟ್ಟುಹೋದದ್ದು ಬೆಳಕಿಗೆ ಬಂತು. ಅದರಲ್ಲಿ ಬೆರೆತಿದ್ದ ಚೀನಾದ ಗಿಡವೂ ಇದೇ ಕುಲದ್ದು. ಹೆಸರಿಲ್ಲದ ಬೇರಿನ ಪುಡಿ ಅಂದಕೂಡಲೇ ನನಗೆ ಭಯವಾಗುವುದು ಇದಕ್ಕೇ.

ಹಾಗಾದರೆ ಏನು ಮಾಡಬೇಕು? ಪುಡಿಯ ಪೊಟ್ಟಣವನ್ನು ಎಸೆಯಬೇಡಿ, ಡಾಕ್ಟರ ಹತ್ತಿರ ತೆಗೆದುಕೊಂಡು ಹೋಗಿ. ಈಗಾಗಲೇ ಎಷ್ಟು ದಿನ ಕುಡಿದಿದ್ದಾರೆ ಅಂತ ಮುಚ್ಚುಮರೆ ಇಲ್ಲದೆ ಹೇಳಿ. ಕ್ರಿಯಾಟಿನಿನ್ ಜೊತೆಗೆ ಸೋಡಿಯಂ, ಪೊಟ್ಯಾಶಿಯಂ ಕೂಡ ನೋಡಿಸಿ. ‘ಫ್ಲೋಜಿನ್’ ಮಾತ್ರೆ ನಮ್ಮ ಅಪ್ಪನಿಗೆ ಆಗುತ್ತದಾ ಅಂತ ಕೇಳಿ. ಅದು ಎಲ್ಲರಿಗೂ ಹೊಂದುವುದಿಲ್ಲ. ಗುಪ್ತಾಂಗದಲ್ಲಿ ಫಂಗಸ್ ತುರಿಕೆ ಬರಬಹುದು. ಏಕಾದಶಿ ಅಂತ ಇಡೀ ದಿನ ಉಪವಾಸ ಮಾಡುವವರಿಗೆ, ಆಪರೇಷನ್‌ಗೆ ಹೋಗುವವರಿಗೆ ಶುಗರ್ ಅಷ್ಟೇನೂ ಏರದೆಯೂ ಕೀಟೋಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಏರುವ ಗಂಭೀರ ತೊಂದರೆ) ಆಗುವ ಅಪಾಯವಿದೆ, ಮಾತ್ರೆಯನ್ನು ಮೊದಲೇ ನಿಲ್ಲಿಸಬೇಕಾಗುತ್ತದೆ. ಬೆಲೆಯ ಚಿಂತೆ ಈಗ ಮೊದಲಿನಷ್ಟಿಲ್ಲ. ಭಾರತದಲ್ಲಿ ಡಾಪಾಗ್ಲಿಫ್ಲೋಜಿನ್‌ನ ಪೇಟೆಂಟ್ 2020ರಲ್ಲಿ, ಎಂಪಾಗ್ಲಿಫ್ಲೋಜಿನ್‌ನದು 2025ರಲ್ಲಿ ಮುಗಿದಿದೆ. ಬೇರೆ ಬೇರೆ ಕಂಪನಿಗಳ ಮಾತ್ರೆ ಸಿಗುತ್ತವೆ.

ಇನ್ನು ಮಾವನವರಿಗೆ ಬೇಜಾರಾಗದ ಹಾಗೆ ಒಂದು ಕೆಲಸ ಕೊಡಬಹುದು. ಊಟದ ತಟ್ಟೆಯಿಂದ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ ತೆಗೆಸುವ ಜವಾಬ್ದಾರಿ ಅವರಿಗೇ ವಹಿಸಿ. ದಿನಕ್ಕೆ ಐದು ಗ್ರಾಂ ಉಪ್ಪು, ಅಂದರೆ ಮಟ್ಟಸವಾಗಿ ಒಂದು ಟೀ ಚಮಚ, ಅಷ್ಟರೊಳಗೆ ಇರಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಟೆಲ್ಮಿಸಾರ್ಟನ್ ಥರದ ಮಾತ್ರೆಗಳ ಕೆಲಸವೂ ಉಪ್ಪು ಕಡಿಮೆಯಿದ್ದಾಗ ಚೆನ್ನಾಗಿ ಆಗುತ್ತದೆ. ಉಪ್ಪಿನ ಬದಲು ಅಂತ ಅಂಗಡಿಯಲ್ಲಿ ಸಿಗುವ ‘ಲೋ ಸೋಡಿಯಂ’ ಉಪ್ಪನ್ನು ಮಾತ್ರ ಡಾಕ್ಟರನ್ನು ಕೇಳದೆ ತರಬೇಡಿ. ಅದರಲ್ಲಿ ಸೋಡಿಯಂ ಬದಲು ಹಾಕಿರುವುದು ಪೊಟ್ಯಾಶಿಯಂ.